ಸಹ-ವಿದ್ಯುತ್ ಘಟಕಗಳು: ಕಾರ್ಯಸಾಧ್ಯತೆಯ ಪರಿಶೀಲನೆ ಮತ್ತು ಸಾಮರ್ಥ್ಯ ನಿಗದಿ (ಪಾವಗಡ, ಮಧುಗಿರಿ, ಶಿರಾ ಮತ್ತು ಕೊರಟಗೆರೆ ತಾಲ್ಲೂಕುಗಳ ಉದ್ದಿಮೆದಾರರ ಮಾಹಿತಿಗಾಗಿ)

ಪೀಠಿಕೆ

ಒಂದೇ ಇಂಧನವನ್ನು ಒಮ್ಮೆ ಉರಿಸಿ, ಅದರಿಂದ ವಿದ್ಯುತ್ತನ್ನೂ ಉಪಯುಕ್ತ ಉಷ್ಣವನ್ನೂ ಏಕಕಾಲದಲ್ಲಿ ಪಡೆಯುವ ವ್ಯವಸ್ಥೆಯನ್ನು ಸಹ-ವಿದ್ಯುತ್ ಉತ್ಪಾದನೆ ಎಂದು ಕರೆಯಲಾಗುತ್ತದೆ. ವಿದ್ಯುಚ್ಛಕ್ತಿ ಅಧಿನಿಯಮ, 2003ರ 2(12)ನೇ ಪ್ರಕರಣವು ವಿದ್ಯುತ್ತನ್ನೂ ಒಳಗೊಂಡಂತೆ ಎರಡು ಅಥವಾ ಅದಕ್ಕಿಂತ ಹೆಚ್ಚು ರೂಪದ ಉಪಯುಕ್ತ ಶಕ್ತಿಯನ್ನು ಏಕಕಾಲಕ್ಕೆ ಉತ್ಪಾದಿಸುವ ಪ್ರಕ್ರಿಯೆ ಎಂದು ಇದನ್ನು ವ್ಯಾಖ್ಯಾನಿಸಿದೆ. ಇಂತಹ ಉತ್ಪಾದನೆಗೆ ಉತ್ತೇಜನ ನೀಡುವುದು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕರ್ತವ್ಯಗಳಲ್ಲಿ ಒಂದೆಂದು ಅದೇ ಅಧಿನಿಯಮದ 86(1)(ಇ) ಪ್ರಕರಣ ಹೇಳುತ್ತದೆ.

ರಾಜ್ಯದಲ್ಲಿ ಈ ವ್ಯವಸ್ಥೆ ಸಕ್ಕರೆ ಕಾರ್ಖಾನೆಗಳ ಮೂಲಕ ಜನರಿಗೆ ಪರಿಚಿತವಾಗಿದೆ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಮುಂತಾದ ಜಿಲ್ಲೆಗಳ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಉರಿಸಿ, ಅಧಿಕ ಒತ್ತಡದ ಹಬೆಯಿಂದ ಟರ್ಬೈನ್ ತಿರುಗಿಸಿ, ಟರ್ಬೈನಿನಿಂದ ಹೊರಬರುವ ಕಡಿಮೆ ಒತ್ತಡದ ಹಬೆಯಲ್ಲಿ ರಸವನ್ನು ಕುದಿಸುತ್ತವೆ. ಅಲ್ಲಿ ಇಂಧನ ಕಾರ್ಖಾನೆಯೊಳಗೇ ದೊರೆಯುತ್ತದೆ, ಹಬೆಯ ಅಗತ್ಯ ಗಂಟೆಗೆ ಹತ್ತಾರು ಟನ್ನುಗಳಷ್ಟಿರುತ್ತದೆ, ಹಂಗಾಮಿನುದ್ದಕ್ಕೂ ಗಿರಣಿ ಹಗಲಿರುಳು ನಡೆಯುತ್ತದೆ. ಈ ಮೂರು ಅನುಕೂಲಗಳೂ ಒಟ್ಟಿಗೆ ಇಲ್ಲದ ಕಡೆ ಅದೇ ಮಾದರಿಯನ್ನು ಚಿಕ್ಕದಾಗಿಸಿ ಸ್ಥಾಪಿಸಿದರೆ ಅದೇ ಲಾಭ ಬರುವುದಿಲ್ಲ. ಕಡಲೆಕಾಯಿ ಎಣ್ಣೆ ಗಿರಣಿ, ಸುಲಿಯುವ ಘಟಕ, ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ, ಒಣಗಿಸುವ ಘಟಕ ಮುಂತಾದವುಗಳನ್ನು ನಡೆಸುವವರು ಸಾಲಕ್ಕೆ ಅಥವಾ ಅನುಮತಿಗೆ ಅರ್ಜಿ ಸಲ್ಲಿಸುವ ಮುನ್ನ ತಮ್ಮ ಯೋಜನೆಯನ್ನು ತಾವೇ ಪರಿಶೀಲಿಸಿಕೊಳ್ಳಲು ಅನುವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಸೌರ ಉದ್ಯಾನ ಮತ್ತು ಉಷ್ಣದ ಅಗತ್ಯ

ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು ಮತ್ತು ರಾಯಚೆರ್ಲು ಗ್ರಾಮಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಇದರ ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಿತು. ಇಷ್ಟು ದೊಡ್ಡ ವಿದ್ಯುತ್ ಉದ್ಯಾನವಿರುವ ತಾಲ್ಲೂಕಿನಲ್ಲಿ ಪ್ರತ್ಯೇಕ ವಿದ್ಯುತ್ ಘಟಕವೇಕೆ ಎಂಬ ಪ್ರಶ್ನೆ ಸಹಜವಾದುದೇ ಆಗಿದೆ. ಉದ್ಯಾನದ ವಿದ್ಯುತ್ ಅಧಿಕ ವೋಲ್ಟೇಜಿನಲ್ಲಿ ರಾಜ್ಯದ ಹಾಗೂ ರಾಷ್ಟ್ರೀಯ ಜಾಲಕ್ಕೆ ಸೇರುತ್ತದೆ. ಪಕ್ಕದ ಗಿರಣಿಗೆ ಅದು ನೇರವಾಗಿ ಬರುವುದಿಲ್ಲ. ಗಿರಣಿಯ ಸಂಪರ್ಕ ಎಂದಿನಂತೆ ಬೆಸ್ಕಾಂ ಮೂಲಕವೇ ಇರುತ್ತದೆ.

ಆದರೂ ಉದ್ಯಾನದಿಂದ ಕಲಿಯಬೇಕಾದ ಒಂದು ಅಂಶವಿದೆ. ಈ ಪ್ರದೇಶದ ಬಿಸಿಲಿನಲ್ಲಿ ಹಗಲಿನ ವಿದ್ಯುತ್ತನ್ನು ಚಾವಣಿಯ ಸೌರ ಫಲಕಗಳಿಂದ ಪಡೆಯುವುದು ಯಾವುದೇ ಇಂಧನ ಉರಿಸುವುದಕ್ಕಿಂತ ಸುಲಭ. ಆದುದರಿಂದ ಸಹ-ವಿದ್ಯುತ್ ಘಟಕವನ್ನು ಬೆಸ್ಕಾಂ ಬಿಲ್ಲಿನೊಂದಿಗೆ ಮಾತ್ರ ಹೋಲಿಸಿದರೆ ಸಾಲದು. "ವಿದ್ಯುತ್ತಿಗೆ ಚಾವಣಿಯ ಸೌರ ಫಲಕ, ಉಷ್ಣಕ್ಕೆ ಒಂದು ಒಳ್ಳೆಯ ಬಾಯ್ಲರ್" ಎಂಬ ಸರಳ ಪರ್ಯಾಯದೊಂದಿಗೆ ಹೋಲಿಸಿ, ಅದಕ್ಕಿಂತ ಮೇಲಾದರೆ ಮಾತ್ರ ಮುಂದುವರಿಯುವುದು ಸೂಕ್ತ. ವಿದ್ಯಾರ್ಥಿನಿಲಯ, ಆಸ್ಪತ್ರೆ ಮುಂತಾದ ಕಡೆ ಸ್ನಾನದ ಬಿಸಿನೀರು ಮಾತ್ರ ಬೇಕಾದಲ್ಲಿ ಸಹ-ವಿದ್ಯುತ್ ಘಟಕದ ಪ್ರಸ್ತಾವನೆಯ ಅಗತ್ಯವೇ ಇಲ್ಲ. ಸೌರ ಜಲತಾಪಕ ಸಾಕು.

ಜಿಲ್ಲೆಯ ಹಿಂದಿನ ಅನುಭವ

ಜೀವರಾಶಿಯಿಂದ ವಿದ್ಯುತ್ ಪಡೆಯುವ ಪ್ರಯತ್ನ ತುಮಕೂರು ಜಿಲ್ಲೆಗೆ ಹೊಸತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯು ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿಯೇ ಕಟ್ಟಿಗೆಯನ್ನು ಅನಿಲವಾಗಿಸಿ ಎಂಜಿನ್ ನಡೆಸುವ ಪುಟ್ಟ ಘಟಕದಿಂದ ಊರಿಗೆ ಬೆಳಕು ಒದಗಿಸಿತ್ತು. ಅನಂತರ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹಾಗೂ ಜಾಗತಿಕ ಪರಿಸರ ನಿಧಿಯ ನೆರವಿನೊಂದಿಗೆ ಕೈಗೊಂಡ, ಬೆರಿ ಎಂದು ಪರಿಚಿತವಾದ ಗ್ರಾಮೀಣ ಜೀವರಾಶಿ ಇಂಧನ ಯೋಜನೆಯಡಿ ಜಿಲ್ಲೆಯ ಮೂರು ಸ್ಥಳಗಳಲ್ಲಿ ಒಟ್ಟು 0.88 ಮೆಗಾವ್ಯಾಟ್ ಸಾಮರ್ಥ್ಯದ ಘಟಕಗಳು ಸ್ಥಾಪನೆಯಾದವು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆ ಘಟಕ ಇವುಗಳಲ್ಲಿ ಪ್ರಮುಖವಾದುದು.

ಈ ಯೋಜನೆಯ 100 ಕಿಲೋವ್ಯಾಟ್ ಸಾಮರ್ಥ್ಯದ ಒಂದು ಘಟಕ ಮೊದಲು ನಿರೀಕ್ಷಿತ ಮಟ್ಟದಲ್ಲಿ ನಡೆಯಲಿಲ್ಲ. ತಂತ್ರಜ್ಞಾನ ರೂಪಿಸಿದ ಭಾರತೀಯ ವಿಜ್ಞಾನ ಸಂಸ್ಥೆಯೇ ಮುಂದೆ ಬಂದು ಸ್ಥಳೀಯ ತಂಡಕ್ಕೆ ತರಬೇತಿ ನೀಡಿ ಘಟಕವನ್ನು ನಡೆಸಿ ತೋರಿಸಿತು. ಅದರ ವಿವರ 2011ರಲ್ಲಿ ಪ್ರಕಟವಾಗಿದೆ. 1,035 ಗಂಟೆಗಳ ಆ ಓಟದಲ್ಲಿ 111 ಟನ್ ಜೀವರಾಶಿ ಬಳಕೆಯಾಗಿ 80.6 ಮೆಗಾವ್ಯಾಟ್-ಗಂಟೆ, ಅಂದರೆ 80,600 ಯೂನಿಟ್ ವಿದ್ಯುತ್ ಉತ್ಪತ್ತಿಯಾಯಿತು. ಇಂಧನದಲ್ಲಿದ್ದ ಶಕ್ತಿಯಲ್ಲಿ ವಿದ್ಯುತ್ ಆದದ್ದು ಸುಮಾರು ಶೇ. 18.

ಅರ್ಜಿದಾರರು ಈ ಅಂಕಿಗಳಿಂದ ಎರಡು ವಿಷಯಗಳನ್ನು ಗಮನಿಸಬೇಕು. ಒಂದು ಯೂನಿಟ್ಟಿಗೆ ಸರಿಸುಮಾರು 1.4 ಕೆ.ಜಿ. ಒಣ ಜೀವರಾಶಿ ಬೇಕು. ಇದು ಪರಿಣತರ ಉಸ್ತುವಾರಿಯಲ್ಲಿ ದೊರೆತ ಅಂಕಿ. ಮಾರಾಟಗಾರರ ದರಪಟ್ಟಿಯಲ್ಲಿ ಇದಕ್ಕಿಂತ ಬಹಳ ಕಡಿಮೆ ಅಂಕಿ ಕಂಡುಬಂದರೆ ಅದನ್ನು ಖಾತರಿಯ ರೂಪದಲ್ಲಿ ಲಿಖಿತವಾಗಿ ಪಡೆಯತಕ್ಕದ್ದು. ಎರಡನೆಯದಾಗಿ, ಉಳಿದ ಶೇ. 82ರಷ್ಟು ಶಕ್ತಿ ಬೂದಿ, ಹೊಗೆ, ತಂಪುಗೊಳಿಸುವ ನೀರು ಇವುಗಳ ಮೂಲಕ ಹೊರಹೋಗಿದೆ. ಸಹ-ವಿದ್ಯುತ್ ಉತ್ಪಾದನೆಯ ಸಂಪೂರ್ಣ ಆಶಯವಿರುವುದು ಈ ಭಾಗದಲ್ಲಿ ಎಷ್ಟನ್ನು ಮರಳಿ ಹಿಡಿಯಬಹುದು ಎಂಬುದರಲ್ಲಿ. ಆ ಘಟಕದಲ್ಲಿ ಇಂಧನ ಒಣಗಿಸುವ ಸಾಧನವೂ ಇತ್ತು. ಹಸಿ ಕಟ್ಟಿಗೆಯನ್ನು ಒಣಗಿಸಲು ಎಂಜಿನ್ನಿನ ಬಿಸಿ ಹೊಗೆಯನ್ನು ಬಳಸುವುದು ಇಂತಹ ಘಟಕಗಳಲ್ಲಿ ಮರಳಿ ಪಡೆದ ಉಷ್ಣದ ಅತ್ಯಂತ ಸರಳ ಉಪಯೋಗ.

ಪರಿಶೀಲನೆಯ ಮೊದಲ ಹಂತ: ಅಳತೆ

ಸಾಮರ್ಥ್ಯವನ್ನು ಅಂದಾಜಿನ ಮೇಲೆ ನಿಗದಿಪಡಿಸಬಾರದು. ಕಳೆದ 12 ತಿಂಗಳ ವಿದ್ಯುತ್ ಬಿಲ್ಲುಗಳಿಂದ ತಿಂಗಳುವಾರು ಯೂನಿಟ್, ಗರಿಷ್ಠ ಬೇಡಿಕೆ ಮತ್ತು ಪವರ್ ಫ್ಯಾಕ್ಟರ್ ಬರೆದುಕೊಳ್ಳುವುದು. ಬಿಲ್ಲಿನಲ್ಲಿ ದಿನದ ಏರಿಳಿತ ತಿಳಿಯುವುದಿಲ್ಲವಾದ್ದರಿಂದ ಹಂಗಾಮಿನ ಒಂದು ವಾರ ಹಾಗೂ ಹಂಗಾಮೇತರ ಒಂದು ವಾರ ಗಂಟೆಗೊಮ್ಮೆ ಮೀಟರ್ ಓದಿ ದಾಖಲಿಸುವುದು.

ಹಬೆಯ ಅಳತೆಗೆ ದುಬಾರಿ ಮಾಪಕ ಇಲ್ಲದಿದ್ದರೂ ನಡೆಯುತ್ತದೆ. ಬಾಯ್ಲರಿಗೆ ನೀರು ಹೋಗುವ ತೊಟ್ಟಿಯ ಮಟ್ಟವನ್ನು ಪಾಳಿಯ ಆರಂಭದಲ್ಲಿಯೂ ಕೊನೆಯಲ್ಲಿಯೂ ಗುರುತಿಸಿದರೆ ಎಷ್ಟು ನೀರು ಒಳಹೋಯಿತು ಎಂಬುದು ತಿಳಿಯುತ್ತದೆ. ಅದರಲ್ಲಿ ಬ್ಲೋಡೌನ್ ಮೂಲಕ ಹೊರಬಿಟ್ಟದ್ದನ್ನು ಕಳೆದರೆ ಉಳಿದದ್ದು ಹಬೆ. ಉರಿಸಿದ ಸಿಪ್ಪೆ ಅಥವಾ ಕಟ್ಟಿಗೆಯನ್ನು ತೂಕ ಮಾಡಿ ಬರೆಯಬೇಕು. ಗಾಡಿ ಲೆಕ್ಕ, ಚೀಲದ ಲೆಕ್ಕ ಸಾಲದು; ಒಂದೇ ಅಳತೆಯ ಚೀಲದಲ್ಲಿ ಒಣ ಸಿಪ್ಪೆಗೂ ಮಳೆಯಲ್ಲಿ ನೆನೆದ ಸಿಪ್ಪೆಗೂ ಇರುವ ಶಕ್ತಿಯ ಅಂತರ ಬಹಳ.

ಅಳತೆ ಮುಗಿದ ಮೇಲೆ, ಘಟಕದ ಬಗ್ಗೆ ಯೋಚಿಸುವ ಮೊದಲೇ, ಸೋರಿಕೆಯನ್ನು ನಿಲ್ಲಿಸುವುದು. ಹಬೆ ಕೊಳವೆಗೆ ಉಷ್ಣರೋಧಕ ಹೊದಿಕೆ, ಕೆಟ್ಟ ಸ್ಟೀಮ್ ಟ್ರ್ಯಾಪ್‌ಗಳ ಬದಲಾವಣೆ, ಬಿಸಿನೀರನ್ನು ಬಾಯ್ಲರಿಗೆ ಮರಳಿಸುವುದು, ಇವುಗಳಿಂದಲೇ ಉಷ್ಣದ ಅಗತ್ಯ ಕಡಿಮೆಯಾಗುತ್ತದೆ. ಸೋರುವ ವ್ಯವಸ್ಥೆಯನ್ನು ಅಳೆದು ಅದಕ್ಕೆ ತಕ್ಕ ಘಟಕ ತಂದರೆ, ಮುಂದೆ ಸೋರಿಕೆ ಸರಿಪಡಿಸಿದ ದಿನ ಆ ಘಟಕ ಅಗತ್ಯಕ್ಕಿಂತ ದೊಡ್ಡದಾಗುತ್ತದೆ. ಸಾಲದ ಕಂತು ಮಾತ್ರ ಹಾಗೆಯೇ ಉಳಿಯುತ್ತದೆ.

ಉಷ್ಣ ಮತ್ತು ವಿದ್ಯುತ್ತಿನ ಅನುಪಾತ

ಬೇಕಾಗುವ ಉಷ್ಣವನ್ನು ಕಿಲೋವ್ಯಾಟಿನಲ್ಲಿ ಬರೆದು, ಬೇಕಾಗುವ ವಿದ್ಯುತ್ತಿನಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಈ ಅನುಪಾತ. ಯಾವ ತಂತ್ರಜ್ಞಾನ ಹೊಂದುತ್ತದೆ ಎಂಬುದನ್ನು ಬಹುಮಟ್ಟಿಗೆ ಇದೇ ನಿರ್ಧರಿಸುತ್ತದೆ. ಎಂಜಿನ್ ಆಧಾರಿತ ಘಟಕಗಳಲ್ಲಿ ಒಂದು ಪಾಲು ವಿದ್ಯುತ್ತಿಗೆ ಒಂದರಿಂದ ಎರಡು ಪಾಲು ಉಷ್ಣ ದೊರೆಯುತ್ತದೆ, ಅದರಲ್ಲಿ ಅರ್ಧದಷ್ಟು 80 ಡಿಗ್ರಿ ಆಸುಪಾಸಿನ ಬಿಸಿನೀರಿನ ರೂಪದಲ್ಲಿರುತ್ತದೆ. ಹಬೆಯ ಬ್ಯಾಕ್‌ಪ್ರೆಷರ್ ಟರ್ಬೈನ್‌ಗಳಲ್ಲಿ ಉಷ್ಣದ ಪಾಲು ಹಲವು ಪಟ್ಟು ಹೆಚ್ಚು.

ಒಂದು ಕಲ್ಪಿತ ಎಣ್ಣೆ ಗಿರಣಿಯ ಲೆಕ್ಕವನ್ನು ಇಲ್ಲಿ ಪೂರ್ಣವಾಗಿ ನೀಡಲಾಗಿದೆ. ಬೆಲೆಗಳು ಉದಾಹರಣೆಗೆ ಮಾತ್ರ. ಅರ್ಜಿದಾರರು ತಮ್ಮ ಬಿಲ್ಲು ಮತ್ತು ಮಾರುಕಟ್ಟೆ ದರವನ್ನು ಹಾಕಿಕೊಳ್ಳತಕ್ಕದ್ದು.

ಗಿರಣಿಗೆ 60 ಕಿಲೋವ್ಯಾಟ್ ವಿದ್ಯುತ್ ಮತ್ತು ಬೀಜ ಬೇಯಿಸಲು ಗಂಟೆಗೆ 500 ಕೆ.ಜಿ. ಹಬೆ ಬೇಕು, ವರ್ಷಕ್ಕೆ 4,000 ಗಂಟೆ ಕೆಲಸವಿದೆ ಎಂದಿರಲಿ. 30 ಡಿಗ್ರಿಯ ನೀರನ್ನು ಚದರ ಸೆಂಟಿಮೀಟರಿಗೆ 7 ಕೆ.ಜಿ. ಒತ್ತಡದ ಹಬೆಯಾಗಿಸಲು ಪ್ರತಿ ಕೆ.ಜಿ.ಗೆ ಸುಮಾರು 0.73 ಯೂನಿಟ್ ಉಷ್ಣ ಬೇಕಾಗುವುದರಿಂದ, ಒಟ್ಟು ಅಗತ್ಯ ಸುಮಾರು 367 ಕಿಲೋವ್ಯಾಟ್. ಅನುಪಾತ ಆರಕ್ಕೂ ಮೇಲ್ಪಟ್ಟಿದೆ.

ಇದಕ್ಕೆ 60 ಕಿಲೋವ್ಯಾಟಿನ ಅನಿಲೀಕರಣ ಘಟಕ ಮತ್ತು ಎಂಜಿನ್ ಜೋಡಿಸಿದರೆ ಗಂಟೆಗೆ ಸುಮಾರು 83 ಕೆ.ಜಿ. ಇಂಧನ ಹೋಗುತ್ತದೆ. ಎಂಜಿನ್ನಿನ ಹೊಗೆಯಿಂದ ಸುಮಾರು 45 ಕಿಲೋವ್ಯಾಟ್ ಉಷ್ಣವನ್ನು ಹಬೆಯಾಗಿ ಮರಳಿ ಪಡೆಯಬಹುದು. ಎಂಜಿನ್ನಿನ ತಂಪುನೀರಿನಲ್ಲಿ ಇನ್ನೂ ಹೆಚ್ಚಿನ ಉಷ್ಣವಿದ್ದರೂ ಅದು ಹಬೆಯಾಗದು. ಬಾಯ್ಲರಿನ ನೀರನ್ನು 30ರಿಂದ 75 ಡಿಗ್ರಿಗೆ ಬಿಸಿ ಮಾಡಲು ಸುಮಾರು 26 ಕಿಲೋವ್ಯಾಟ್ ಮಾತ್ರ ಉಪಯೋಗವಾಗುತ್ತದೆ. ಎರಡೂ ಸೇರಿ 71 ಕಿಲೋವ್ಯಾಟ್, ಅಂದರೆ ಗಿರಣಿಯ ಉಷ್ಣದ ಅಗತ್ಯದಲ್ಲಿ ಐದನೇ ಒಂದು ಭಾಗ. ಹಳೆಯ ಬಾಯ್ಲರನ್ನು ನಿಲ್ಲಿಸುವಂತಿಲ್ಲ.

ಈ 71 ಕಿಲೋವ್ಯಾಟಿನಿಂದ ಬಾಯ್ಲರಿನಲ್ಲಿ ಗಂಟೆಗೆ ಸುಮಾರು 23 ಕೆ.ಜಿ. ಸಿಪ್ಪೆ ಉಳಿಯುತ್ತದೆ. ಹೀಗೆ 60 ಯೂನಿಟ್ ವಿದ್ಯುತ್ತಿಗೆ ನಿವ್ವಳವಾಗಿ 60 ಕೆ.ಜಿ. ಇಂಧನ, ಯೂನಿಟ್ಟಿಗೆ ಒಂದು ಕೆ.ಜಿ. ಇಂಧನದ ಬೆಲೆ ಕೆ.ಜಿ.ಗೆ 5 ರೂ., ಉಳಿತಾಯವಾಗುವ ಜಾಲದ ವಿದ್ಯುತ್ ಯೂನಿಟ್ಟಿಗೆ 7 ರೂ. ಎಂದಾದರೆ ಯೂನಿಟ್ಟಿಗೆ 2 ರೂ. ಉಳಿತಾಯ, ವರ್ಷಕ್ಕೆ 2,40,000 ಯೂನಿಟ್‌ಗಳಿಗೆ 4.8 ಲಕ್ಷ ರೂ. ಎರಡು ಪಾಳಿಗಳ ನಿರ್ವಾಹಕರ ಸಂಬಳ, ಎಂಜಿನ್ ಎಣ್ಣೆ, ಶೋಧಕಗಳು, ಸಾವಿರ ಗಂಟೆಗೊಮ್ಮೆಯ ದುರಸ್ತಿ ಇವುಗಳನ್ನು ಕಳೆದರೆ ಬಂಡವಾಳ ಮರಳಿಸಲು ಏನೂ ಉಳಿಯದು.

ಅದೇ ಗಿರಣಿಗೆ ಹಬೆ ಟರ್ಬೈನ್ ಹಾಕುವುದಾದರೆ? 20 ಬಾರ್ ಒತ್ತಡ, 300 ಡಿಗ್ರಿ ತಾಪದ ಹಬೆಯನ್ನು 4 ಬಾರಿಗೆ ಇಳಿಸುವಾಗ ಪ್ರತಿ ಕೆ.ಜಿ.ಯಿಂದ ತಾತ್ತ್ವಿಕವಾಗಿ ಸುಮಾರು 339 ಕಿಲೋಜೂಲ್ ದೊರೆಯುತ್ತದೆ. ಇಷ್ಟು ಚಿಕ್ಕ ಟರ್ಬೈನ್ ಅದರಲ್ಲಿ ಶೇ. 40ನ್ನು ಹಿಡಿದರೆ ಒಳ್ಳೆಯದೆನ್ನಬೇಕು. ಗಂಟೆಗೆ 500 ಕೆ.ಜಿ. ಹಬೆಯಿಂದ ಬರುವುದು ಸುಮಾರು 17 ಕಿಲೋವ್ಯಾಟ್. ಇದಕ್ಕಾಗಿ ಅಧಿಕ ಒತ್ತಡದ ಹೊಸ ಬಾಯ್ಲರ್, ಶುದ್ಧೀಕರಿಸಿದ ನೀರು ಮತ್ತು ಪ್ರಮಾಣಪತ್ರ ಹೊಂದಿದ ಬಾಯ್ಲರ್ ನಿರ್ವಾಹಕರು ಬೇಕು. ಅನುಪಾತ ಟರ್ಬೈನಿಗೆ ಹೊಂದುತ್ತದೆ, ಗಾತ್ರ ಹೊಂದುವುದಿಲ್ಲ. ಈ ಕಲ್ಪಿತ ಗಿರಣಿಗೆ ಸಹ-ವಿದ್ಯುತ್ ಘಟಕ ಕಾರ್ಯಸಾಧ್ಯವಲ್ಲ ಎಂಬುದೇ ಸರಿಯಾದ ಉತ್ತರ, ಮತ್ತು ಈ ತಾಲ್ಲೂಕುಗಳ ಬಹುಪಾಲು ಸಣ್ಣ ಗಿರಣಿಗಳ ಲೆಕ್ಕವೂ ಇದರ ಹತ್ತಿರವೇ ಬಂದು ನಿಲ್ಲುವ ಸಂಭವವಿದೆ.

ಗಾತ್ರ ಬದಲಾದರೆ ಉತ್ತರವೂ ಬದಲಾಗುತ್ತದೆ. ಗಂಗಾವತಿ, ಸಿಂಧನೂರು ಭಾಗದಂತೆ ಭತ್ತದ ಗಿರಣಿಗಳು ದಟ್ಟವಾಗಿರುವಲ್ಲಿ, ಕುಸುಬಲ ಅಕ್ಕಿಗಾಗಿ ಗಂಟೆಗೆ 4 ಟನ್ ಹಬೆ ಬಳಸುವ ಒಂದು ಗಿರಣಿಯನ್ನು ಊಹಿಸಿಕೊಳ್ಳಬಹುದು. ಅದೇ ಒತ್ತಡಗಳ ನಡುವೆ, ಶೇ. 50 ದಕ್ಷತೆಯ ಟರ್ಬೈನಿನಿಂದ ಸುಮಾರು 170 ಕಿಲೋವ್ಯಾಟ್ ದೊರೆಯುತ್ತದೆ. ವರ್ಷಕ್ಕೆ 3,500 ಗಂಟೆ ನಡೆದರೆ 5,95,000 ಯೂನಿಟ್, 7 ರೂ.ನಂತೆ 41.65 ಲಕ್ಷ ರೂ. ಹೆಚ್ಚುವರಿಯಾಗಿ ಬೇಕಾಗುವ ಸುಮಾರು 250 ಟನ್ ಹೊಟ್ಟಿಗೆ, ಕೆ.ಜಿ.ಗೆ 4 ರೂ.ನಂತೆ, 10 ಲಕ್ಷ. ನಿರ್ವಹಣೆಗೆ 8 ಲಕ್ಷ. ಉಳಿಯುವುದು 23.65 ಲಕ್ಷ. ಹೆಚ್ಚುವರಿ ಬಂಡವಾಳ 1.4 ಕೋಟಿ ಎಂದಾದರೆ ಆರು ವರ್ಷದೊಳಗೆ ಮರಳುತ್ತದೆ. ಅದೇ ಗಿರಣಿ ವರ್ಷಕ್ಕೆ 2,000 ಗಂಟೆ ಮಾತ್ರ ನಡೆದರೆ ಉಳಿಯುವುದು ಸುಮಾರು 10 ಲಕ್ಷ, ಬಂಡವಾಳ ಮರಳಲು 14 ವರ್ಷ. ಯಂತ್ರದ ದಕ್ಷತೆಗಿಂತ ಅದು ನಡೆಯುವ ಗಂಟೆಗಳ ಸಂಖ್ಯೆಯೇ ಹೆಚ್ಚು ನಿರ್ಣಾಯಕ ಎಂಬುದನ್ನು ಅರ್ಜಿದಾರರು ವಿಶೇಷವಾಗಿ ಗಮನಿಸುವುದು.

ಸಾಮರ್ಥ್ಯ ನಿಗದಿಪಡಿಸುವ ವಿಧಾನ

ಗರಿಷ್ಠ ಬೇಡಿಕೆಯನ್ನು ನೋಡಿ ಘಟಕ ಕೊಳ್ಳುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಡೀಸೆಲ್ ಜನರೇಟರ್ ಕೊಳ್ಳುವಾಗ ಅದು ಸರಿ, ಏಕೆಂದರೆ ಅದರ ಕೆಲಸ ವಿದ್ಯುತ್ ಹೋದಾಗ ಎಲ್ಲವನ್ನೂ ನಡೆಸುವುದು. ಸಹ-ವಿದ್ಯುತ್ ಘಟಕದ ಕೆಲಸ ವರ್ಷದ ಬಹುಪಾಲು ನಿರಂತರವಾಗಿ ನಡೆಯುವುದು; ಅದರ ಗಾತ್ರವನ್ನು ನಿರಂತರವಾಗಿರುವ ಉಷ್ಣದ ಬೇಡಿಕೆ ನಿರ್ಧರಿಸಬೇಕು.

ವರ್ಷದ 8,760 ಗಂಟೆಗಳ ಉಷ್ಣದ ಬೇಡಿಕೆಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಕೆಯ ಕ್ರಮದಲ್ಲಿ ಜೋಡಿಸಿದರೆ ಒಂದು ಇಳಿಜಾರಿನ ರೇಖೆ ದೊರೆಯುತ್ತದೆ. ಉದಾಹರಣೆಗೆ, ಒಂದು ಒಣಗಿಸುವ ಘಟಕದಲ್ಲಿ 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಬೇಡಿಕೆ 1,500 ಗಂಟೆ, 70 ಅಥವಾ ಹೆಚ್ಚು 3,600 ಗಂಟೆ, 50 ಅಥವಾ ಹೆಚ್ಚು 4,600 ಗಂಟೆ, 20 ಅಥವಾ ಹೆಚ್ಚು 7,000 ಗಂಟೆ ಇದೆ ಎಂದಿರಲಿ. ಪ್ರತಿ ಸಾಲಿನ ಎರಡೂ ಸಂಖ್ಯೆಗಳನ್ನು ಗುಣಿಸಿದರೆ ಅನುಕ್ರಮವಾಗಿ 1,50,000, 2,52,000, 2,30,000, 1,40,000 ಬರುತ್ತದೆ. ರೇಖೆಯ ಕೆಳಗೆ ಹಿಡಿಸುವ ಅತಿ ದೊಡ್ಡ ಆಯತ 70 ಕಿಲೋವ್ಯಾಟಿನದು. ಪರಿಶೀಲನೆಯನ್ನು ಅಲ್ಲಿಂದ ಆರಂಭಿಸಬಹುದು. 100ಕ್ಕೆ ಹೋದರೆ ಘಟಕ ವರ್ಷದ ಹೆಚ್ಚು ಕಾಲ ಅರೆಹೊರೆಯಲ್ಲಿ ನಡೆಯುತ್ತದೆ. ಅನಿಲೀಕರಣ ಘಟಕಗಳಿಗೆ ಅರೆಹೊರೆ ಒಗ್ಗದು: ಒಳಗಿನ ತಾಪ ಇಳಿದು ಅನಿಲದಲ್ಲಿ ಟಾರ್ ಹೆಚ್ಚುತ್ತದೆ, ಎಂಜಿನ್ ಕವಾಟಗಳು ಕೆಡುತ್ತವೆ. 70ಕ್ಕಿಂತ ತುಸು ಚಿಕ್ಕದಾದರೆ ನಷ್ಟ ಅಲ್ಪ. ತುಸು ದೊಡ್ಡದಾದರೆ ನಷ್ಟ ಬೇಗ ಬೆಳೆಯುತ್ತದೆ.

ಇಲ್ಲಿ ಲೆಕ್ಕ ಹಾಕಿದ್ದು ಉಷ್ಣವನ್ನು. ಅದಕ್ಕೆ ತಕ್ಕ ವಿದ್ಯುತ್ ಅದೇ ಗಂಟೆಗಳಲ್ಲಿ ಗಿರಣಿಗೆ ಬೇಕೇ ಎಂಬುದನ್ನೂ ನೋಡಬೇಕು. ಹಗಲು ಯಂತ್ರ, ರಾತ್ರಿ ಒಲೆ ಎಂಬಂತೆ ಎರಡರ ಹೊತ್ತು ಬೇರೆಯಾದರೆ ಬಿಸಿನೀರಿನ ತೊಟ್ಟಿಯಲ್ಲಿ ಕೆಲವು ಗಂಟೆಗಳ ಉಷ್ಣ ಕೂಡಿಡಬಹುದು. ಹಬೆಯನ್ನು ಹಾಗೆ ಕೂಡಿಡುವುದು ಸುಲಭವಲ್ಲ. ಪಾವಗಡ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದ್ದು ಬೇಸಿಗೆಯ ತಾಪವೂ ಅಧಿಕವಾದ್ದರಿಂದ, ಎಂಜಿನ್ ತಯಾರಕರಿಂದ ಸ್ಥಳದ ಎತ್ತರ ಮತ್ತು ತಾಪಕ್ಕೆ ಹೊಂದಿಸಿದ ಸಾಮರ್ಥ್ಯವನ್ನು ಕೇಳಿ ಪಡೆಯುವುದು.

ಈ ಪ್ರದೇಶದಲ್ಲಿ ಎಂಜಿನ್ ಆಧಾರಿತ ಸಣ್ಣ ಘಟಕಕ್ಕೆ ಹೆಚ್ಚು ಹೊಂದುವುದು 90 ಡಿಗ್ರಿಗಿಂತ ಕಡಿಮೆ ತಾಪದ ಕೆಲಸಗಳು. ಕಡಲೆಕಾಯಿ ಹಾಗೂ ಕೊಬ್ಬರಿ ಒಣಗಿಸುವುದು, ನೂಲು ಬಿಚ್ಚುವ ಬೋಗುಣಿಗಳ ಬಿಸಿನೀರು ಇವುಗಳಿಗೆ ಎಂಜಿನ್ನಿನ ತಂಪುನೀರು ನೇರವಾಗಿ ಉಪಯೋಗವಾಗುತ್ತದೆ. ಗೂಡು ಬೇಯಿಸಲು ಮಾತ್ರ ಪ್ರತ್ಯೇಕ ಹಬೆ ಬೇಕಾಗುತ್ತದೆ.

ಇಂಧನದ ಲಭ್ಯತೆ

ಪಾವಗಡ ರಾಜ್ಯದ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. 60 ಕಿಲೋವ್ಯಾಟ್ ಘಟಕ 4,000 ಗಂಟೆ ನಡೆದರೆ ವರ್ಷಕ್ಕೆ ಸುಮಾರು 336 ಟನ್ ಇಂಧನ ಬೇಕು. ಕಡಲೆಕಾಯಿಯ ತೂಕದಲ್ಲಿ ಸಿಪ್ಪೆ ಸುಮಾರು ಶೇ. 28 ಎಂದಾದರೆ ಅದಕ್ಕೆ 1,200 ಟನ್ ಕಾಯಿ ಸುಲಿಯಬೇಕು. ಎಕರೆಗೆ 4 ಕ್ವಿಂಟಾಲ್ ಇಳುವರಿಯ ವರ್ಷದಲ್ಲಿ ಅದು 3,000 ಎಕರೆಯ ಬೆಳೆ. ಮಳೆ ಕೈಕೊಟ್ಟು ಇಳುವರಿ ಅರ್ಧಕ್ಕಿಳಿದ ವರ್ಷದಲ್ಲಿ 6,000 ಎಕರೆಯದು. ಅಂತಹ ವರ್ಷದಲ್ಲಿ ಸಿಪ್ಪೆಯ ಬೆಲೆ ಏರುತ್ತದೆ, ಗಿರಣಿಗೆ ಕೆಲಸವೂ ಇಳಿಯುತ್ತದೆ. ಎರಡು ಪೆಟ್ಟೂ ಒಂದೇ ವರ್ಷ ಬೀಳುವುದರಿಂದ ಲೆಕ್ಕವನ್ನು ಒಳ್ಳೆಯ ಮಳೆಯ ವರ್ಷದ ಮೇಲೆ ಮಾತ್ರ ಹಾಕಬಾರದು. ಇಂಧನದ ಬೆಲೆ ಶೇ. 25 ಏರಿ, ಕೆಲಸದ ಗಂಟೆ ಶೇ. 25 ಇಳಿದಾಗಲೂ ಕಂತು ಕಟ್ಟಲು ಸಾಧ್ಯವೇ ಎಂಬುದನ್ನು ಪ್ರತ್ಯೇಕವಾಗಿ ತೋರಿಸತಕ್ಕದ್ದು.

ಸಡಿಲ ಸಿಪ್ಪೆಯನ್ನು ಕಟ್ಟಿಗೆಗೆಂದು ರೂಪಿಸಿದ ಅನಿಲೀಕರಣ ಘಟಕದಲ್ಲಿ ನೇರವಾಗಿ ಬಳಸಲಾಗದು. ಒತ್ತಿ ಇಟ್ಟಿಗೆಯಾಕಾರ ಮಾಡಬೇಕು, ಅದರ ವೆಚ್ಚ ಸೇರಿಸಬೇಕು. ಕಡಲೆಕಾಯಿ ಬಳ್ಳಿಯನ್ನು ಇಂಧನದ ಲೆಕ್ಕಕ್ಕೆ ಸೇರಿಸಲೇಬಾರದು, ಅದು ದನಕರುಗಳ ಮೇವು. ಬಳ್ಳಾರಿ ಜಾಲಿ ಈ ಭಾಗದಲ್ಲಿ ಹೇರಳವಾಗಿದ್ದು ಒಳ್ಳೆಯ ಇಂಧನವೂ ಹೌದು. ಆದರೆ ಕೆರೆಯಂಗಳ, ಗೋಮಾಳ ಮತ್ತು ಅರಣ್ಯ ಭೂಮಿಯಲ್ಲಿರುವುದನ್ನು ಸಂಬಂಧಪಟ್ಟ ಪ್ರಾಧಿಕಾರದ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಮಧುಗಿರಿ, ಶಿರಾ ಕಡೆ ತೆಂಗಿನ ಚಿಪ್ಪು ಮತ್ತು ಗರಿ ದೊರೆಯುತ್ತವೆ; ಚಿಪ್ಪಿಗೆ ಇದ್ದಿಲು ತಯಾರಕರಿಂದ ಬೇಡಿಕೆ ಇರುವುದರಿಂದ ಅದನ್ನು ಅಗ್ಗದ ಇಂಧನವೆಂದು ಎಣಿಸಬಾರದು.

ನೀರು

ಯೋಜನಾ ವರದಿಗಳಲ್ಲಿ ನೀರಿನ ಅಂಶಕ್ಕೆ ಒಂದೇ ಸಾಲು ಮೀಸಲಾಗಿರುವುದು ವಾಡಿಕೆ. ಪಾವಗಡದ ಮಟ್ಟಿಗೆ ಅದು ಸಾಲದು. ಕೊಳವೆಬಾವಿಯ ನೀರು ಗಡಸಾಗಿದ್ದು ಕರಗಿದ ಲವಣಾಂಶ ಹೆಚ್ಚಿರುತ್ತದೆ. ಬಾಯ್ಲರಿಗೆ ಹೋಗುವ ನೀರಿನಲ್ಲಿ ಲವಣಾಂಶ ಲೀಟರಿಗೆ 1,000 ಮಿಲಿಗ್ರಾಂ ಇದ್ದು, ಬಾಯ್ಲರಿನೊಳಗೆ 3,500ನ್ನು ಮೀರಬಾರದೆಂದಾದರೆ, ಉತ್ಪತ್ತಿಯಾದ ಹಬೆಯ ಶೇ. 40ರಷ್ಟು ಬಿಸಿನೀರನ್ನು ಬ್ಲೋಡೌನ್ ರೂಪದಲ್ಲಿ ಚೆಲ್ಲಬೇಕಾಗುತ್ತದೆ. ಒಳಹೋಗುವ ನೀರಿನಲ್ಲಿ ಶೇ. 60ರಷ್ಟು ಮರಳಿಸಿದ ಹಬೆ ತಣಿದ ನೀರಾಗಿದ್ದರೆ ಅದರ ಲವಣಾಂಶ 400ಕ್ಕೆ ಇಳಿದು, ಚೆಲ್ಲುವ ನೀರು ಶೇ. 13ಕ್ಕೆ ಇಳಿಯುತ್ತದೆ. ಸಾಫ್ಟನರ್ ಗಡಸುತನವನ್ನು ತೆಗೆಯುತ್ತದೆಯೇ ಹೊರತು ಒಟ್ಟು ಲವಣಾಂಶವನ್ನು ಕಡಿಮೆ ಮಾಡುವುದಿಲ್ಲ ಎಂಬುದನ್ನು ತಿಳಿದಿರಬೇಕು. ಟರ್ಬೈನಿಗೆ ಹೋಗುವ ಹಬೆಯ ನೀರು ಇದಕ್ಕಿಂತ ಬಹಳ ಶುದ್ಧವಾಗಿರಬೇಕು. ನೀರಿನ ಪರೀಕ್ಷಾ ವರದಿಯನ್ನು ಬೇಸಿಗೆಯಲ್ಲಿ ತೆಗೆದ ಮಾದರಿಯಿಂದ ಪಡೆಯುವುದು ಉತ್ತಮ.

ಸುರಕ್ಷತೆ

ಅನಿಲೀಕರಣ ಘಟಕದಿಂದ ಬರುವ ಅನಿಲದಲ್ಲಿ ಸುಮಾರು ಐದನೇ ಒಂದು ಭಾಗ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಪ್ರಾಣಾಪಾಯ. ಘಟಕವನ್ನು ತೆರೆದ ಚಪ್ಪರದಡಿ ಸ್ಥಾಪಿಸಿ, ಅನಿಲ ಸೂಚಕ ಅಳವಡಿಸಬೇಕು. ರಾತ್ರಿ ಪಾಳಿಯವರು ಚಳಿಗಾಲದಲ್ಲಿ ಬೆಚ್ಚಗಿದೆಯೆಂದು ಘಟಕದ ಬಳಿ ಮಲಗುವುದಕ್ಕೆ ಯಾವ ಕಾರಣಕ್ಕೂ ಅವಕಾಶ ಕೊಡಬಾರದು. ಅನಿಲ ತೊಳೆದ ನೀರಿನಲ್ಲಿ ಟಾರ್ ಇರುವುದರಿಂದ ಅದನ್ನು ಶುದ್ಧೀಕರಿಸದೆ ಚರಂಡಿಗೆ, ಹೊಲಕ್ಕೆ ಅಥವಾ ಕೆರೆಗೆ ಬಿಡುವಂತಿಲ್ಲ.

ಅನುಮತಿಗಳು

ಸ್ವಂತ ಬಳಕೆಗೆ ವಿದ್ಯುತ್ ಉತ್ಪಾದಿಸಲು 2003ರ ಅಧಿನಿಯಮದಡಿ ಪರವಾನಗಿ ಬೇಕಾಗಿಲ್ಲ. ಹಲವು ಗಿರಣಿಗಳು ಸೇರಿ ಒಂದೇ ಘಟಕ ಸ್ಥಾಪಿಸಿ ಅದನ್ನು ಸ್ವಬಳಕೆಯ ಘಟಕವೆಂದು ಪರಿಗಣಿಸಬೇಕಾದರೆ, ವಿದ್ಯುಚ್ಛಕ್ತಿ ನಿಯಮಗಳು, 2005ರ 3ನೇ ನಿಯಮದಂತೆ ಬಳಕೆದಾರರ ಮಾಲೀಕತ್ವ ಶೇ. 26ಕ್ಕಿಂತ ಕಡಿಮೆ ಇರಬಾರದು ಮತ್ತು ವಾರ್ಷಿಕ ಉತ್ಪಾದನೆಯ ಕನಿಷ್ಠ ಶೇ. 51 ಅವರ ಬಳಕೆಯಲ್ಲಿರಬೇಕು. ವಿದ್ಯುತ್ತನ್ನು ತಂತಿಯಲ್ಲಿ ದೂರ ಒಯ್ಯಬಹುದು, ಹಬೆಯನ್ನು ಒಯ್ಯಲಾಗದು. ಆದುದರಿಂದ ಇಂತಹ ಪಾಲುದಾರಿಕೆ ಒಂದೇ ಆವರಣದ ಅಥವಾ ಅಕ್ಕಪಕ್ಕದ ಗಿರಣಿಗಳಿಗೆ ಮಾತ್ರ ಹೊಂದುತ್ತದೆ.

ಬಾಯ್ಲರುಗಳ ನೋಂದಣಿ ಮತ್ತು ತಪಾಸಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಸೇರಿದೆ. 1923ರ ಕಾಯಿದೆಯ ಸ್ಥಾನದಲ್ಲಿ ಬಾಯ್ಲರುಗಳ ಅಧಿನಿಯಮ, 2025 ಜಾರಿಗೆ ಬಂದಿರುವುದರಿಂದ ಹಳೆಯ ಉಲ್ಲೇಖವಿರುವ ನಮೂನೆಗಳನ್ನು ಬಳಸಬಾರದು. ಎಂಜಿನ್ನಿನ ಹೊಗೆಯಿಂದ ಹಬೆ ಉತ್ಪಾದಿಸುವ ಪಾತ್ರೆಯೂ, ಗಾತ್ರ ಮತ್ತು ಒತ್ತಡದ ಮಿತಿಯನ್ನು ಮೀರಿದಲ್ಲಿ, ಬಾಯ್ಲರ್ ಎಂದೇ ಪರಿಗಣಿತವಾಗುತ್ತದೆ. ಈ ಅಂಶ ಹಲವು ಪ್ರಸ್ತಾವನೆಗಳಲ್ಲಿ ಬಿಟ್ಟುಹೋಗುವಂತಹುದು. ಸ್ಥಾಪನೆಗೂ ಕಾರ್ಯಾಚರಣೆಗೂ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಜನರೇಟರಿಗೆ ವಿದ್ಯುತ್ ಪರಿವೀಕ್ಷಣಾಲಯದ ಅನುಮೋದನೆ ಪಡೆಯತಕ್ಕದ್ದು. ನವೀಕರಿಸಬಹುದಾದ ಇಂಧನ ಯೋಜನೆಗಳ ಮಾರ್ಗದರ್ಶನಕ್ಕೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವನ್ನು, ಉದ್ದಿಮೆಯ ಅನುಮೋದನೆಗೆ ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು.

ಘಟಕವನ್ನು ಬೆಸ್ಕಾಂ ಜಾಲದೊಂದಿಗೆ ಸಮಾನಾಂತರವಾಗಿ ನಡೆಸುವುದಾದರೆ ಬೆಸ್ಕಾಂನ ಪೂರ್ವಾನುಮತಿ ಕಡ್ಡಾಯ. ಜಾಲದಲ್ಲಿ ವಿದ್ಯುತ್ ಹೋದ ಕೂಡಲೇ ಘಟಕವನ್ನು ಜಾಲದಿಂದ ಬೇರ್ಪಡಿಸುವ ರಿಲೇ ಇರಲೇಬೇಕು. ಇಲ್ಲವಾದಲ್ಲಿ ಮಾರ್ಗ ದುರಸ್ತಿಗೆ ಕಂಬ ಹತ್ತಿದ ಸಿಬ್ಬಂದಿಯ ಜೀವಕ್ಕೆ ಅಪಾಯ. ಮೇಲೆ ಹೇಳಿದ ತುಮಕೂರು ಜಿಲ್ಲೆಯ 1,035 ಗಂಟೆಗಳ ಓಟದ ಅವಧಿಯಲ್ಲಿ ಜಾಲದ ನಿಲುಗಡೆ ಸುಮಾರು 70 ಗಂಟೆಗಳಷ್ಟಿತ್ತು. ಅಂತಹ ಹೊತ್ತಿನಲ್ಲಿ ಘಟಕ ಗಿರಣಿಯನ್ನು ಮಾತ್ರ ಪ್ರತ್ಯೇಕವಾಗಿ ನಡೆಸಬೇಕೇ ಅಥವಾ ನಿಲ್ಲಬೇಕೇ ಎಂಬುದನ್ನು ಯಂತ್ರ ಖರೀದಿಗೆ ಮುನ್ನವೇ ತೀರ್ಮಾನಿಸಿ, ಏಕರೇಖಾ ವಿದ್ಯುತ್ ನಕ್ಷೆಯಲ್ಲಿ ತೋರಿಸಿ, ಅರ್ಜಿಯೊಂದಿಗೆ ಲಗತ್ತಿಸುವುದು. 12 ತಿಂಗಳ ಬಿಲ್ಲು, ಎರಡು ವಾರಗಳ ಗಂಟೆವಾರು ದಾಖಲೆ, ಇಂಧನದ ತೂಕದ ಪಟ್ಟಿ, ನೀರಿನ ಪರೀಕ್ಷಾ ವರದಿ ಹಾಗೂ ಬರಗಾಲದ ವರ್ಷದ ಲೆಕ್ಕವನ್ನೂ ಅದರೊಂದಿಗೆ ಸೇರಿಸುವುದು.